ಎರಡೇ ಸೀಟಿನ ವಿಮಾನ

ಸೆಪ್ಟೆಂಬರ್ 21

ಮಾವನವರಿಗೆ ನಮಸ್ಕಾರ.

ಹೋದ ಸಲ ಫೋನಿನಲ್ಲಿ ನಾವಿಬ್ಬರೂ ಹವಾಮಾನ ಬಿಟ್ಟು ಇನ್ನೇನೂ ಮಾತಾಡಲಿಲ್ಲ. ನಿಮ್ಮ ಬಲಗಿವಿಗೆ ಫೋನು ಕೇಳುವುದಿಲ್ಲ, ಎಡಗಿವಿಗೆ ಕೇಳುವಷ್ಟು ಜೋರಾಗಿ ಮಾತಾಡಿದರೆ ಅತ್ತೆಗೂ ಕೇಳುತ್ತದೆ. ಅದಕ್ಕೇ ಈ ಕಾಗದ. ಹಿಂದೊಮ್ಮೆ ನೀವು ಹೇಳಿದ್ದ ಹಾಗೆ ಟೈರ್ ಅಂಗಡಿಯ ವಿಳಾಸಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಮನೆ ಬಿಟ್ಟು ಈ ಊರಿಗೆ ಬಂದು ಒಂದು ವರ್ಷವಾಗುತ್ತಾ ಬಂತು. ನಾನು ಕೆಲಸ ಮಾಡುವ ಹಲ್ಲಿನ ಲ್ಯಾಬ್ ಎರಡನೇ ಮಹಡಿಯಲ್ಲಿದೆ. ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ, ನಾವು ಮೇಣದಲ್ಲಿ ಹಲ್ಲು ಜೋಡಿಸಿ, ಸೆಟ್ಟು ಮಾಡಿ ವಾಪಸ್ಸು ಕಳಿಸುತ್ತೇವೆ. ಊರಿನ ಅರ್ಧ ನಗು ನಮ್ಮ ಮೇಜಿನ ಮೇಲೇ ಇರುತ್ತದೆ, ಆದರೆ ನಕ್ಕವರ ಮುಖ ಮಾತ್ರ ನಾವು ನೋಡುವುದಿಲ್ಲ. ನಾನು ಮಾಡಿಕೊಟ್ಟ ಸೆಟ್ಟು ನಿಮಗೆ ಎಡಗಡೆ ಈಗಲೂ ಒತ್ತುತ್ತದೆಯೇ? ಒತ್ತಿದರೆ ನೀವೇ ಕೆರೆಯಬೇಡಿ. ಕಳಿಸಿಕೊಡಿ.

ಭಾನುವಾರಗಳೂ ಈಗ ಸುಮ್ಮನೆ ಹೋಗುತ್ತಿಲ್ಲ. ಊರ ಹೊರಗಿನ ಹುಲ್ಲುಬಯಲಿನಲ್ಲಿ ಒಂದು ಕ್ಲಾಸಿಗೆ ಸೇರಿದ್ದೇನೆ. ಮರ ಕೊಯ್ಯುವ ಸಾಮಿಲ್ಲಿನ ಯಜಮಾನರೊಬ್ಬರು ತಮ್ಮ ಗಾಡಿಯಲ್ಲಿ ಕರೆದುಕೊಂಡು ಹೋಗಿ ಬಿಡುತ್ತಾರೆ. ಮೊನ್ನೆ ಬಿದ್ದು ಮೊಣಕಾಲು ತರಚಿತು, ಅಷ್ಟೇ.

ಅತ್ತೆಯ ಸೊಂಟನೋವು ಹೇಗಿದೆ? ನಾನು ಕೇಳಿದೆ ಎಂದು ಹೇಳಬೇಡಿ.

ನಿಮ್ಮ ಸೊಸೆ

ಅಕ್ಟೋಬರ್ 3

ಸೊಸೆಗೆ ಆಶೀರ್ವಾದ.

ನಿನ್ನ ಕಾಗದ ಬಂದದ್ದು ಯಾವಾಗಲೋ, ಟೈರಿನವನಿಗೆ ನೆನಪಾದದ್ದು ನಿನ್ನೆ. ಒಡೆದಿರಲಿಲ್ಲ. ಮೇಲೆ ಗ್ರೀಸಿನ ಹೆಬ್ಬೆಟ್ಟು ಮಾತ್ರ ಒತ್ತಿದ್ದ, ರಿಜಿಸ್ಟರ್ ಪೋಸ್ಟಿನ ಹಾಗೆ.

ಹಲ್ಲಿನ ವಿಷಯ: ನೀನು ಬೇಡವೆನ್ನುವ ಮೊದಲೇ ಉಗುರು ಉಜ್ಜುವ ಅರದಿಂದ ಕೆರೆದುಬಿಟ್ಟಿದ್ದೆ. ಈಗ ಎಡಗಡೆ ಒತ್ತುವುದಿಲ್ಲ, ಬಲಗಡೆ ಒತ್ತುತ್ತದೆ. ತಪ್ಪಾಯಿತು.

ನಿನ್ನ ಅತ್ತೆ ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಇಡೀ ಮನೆ ಹಿಡಿದುಕೊಂಡಿದ್ದಾಳೆ. ನಿನ್ನ ಹೆಸರೆತ್ತುವುದಿಲ್ಲ. ಆದರೆ ನೀನು ಬಿಟ್ಟುಹೋದ ಕೊಡೆಯನ್ನು ಮೊನ್ನೆ ಮಳೆಯಲ್ಲಿ ನಾನು ತೆಗೆದುಕೊಂಡು ಹೊರಟರೆ, "ಅದು ಅಲ್ಲೇ ಇರ್ಲಿ. ನೀವು ನೆನ್ಕೊಂಡು ಹೋಗಿ" ಅಂದಳು. ನೆನೆದುಕೊಂಡೇ ಹೋದೆ.

ನನ್ನ ಮಗ ಚೆನ್ನಾಗಿದ್ದಾನೆ. ಕೆಲಸ ಜಾಸ್ತಿಯಂತೆ.

ಇನ್ನು ಸಾಮಿಲ್ ಯಜಮಾನರು. ನಾನು ಕೇಳಬಾರದು, ಆದರೂ ಕೇಳುತ್ತೇನೆ. ನೀನೂ ನನ್ನ ಮಗನೂ ಹತ್ತು ವರ್ಷ ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆದಾರರ ಹಾಗೆ ಇದ್ದಿರಿ. ಬೇರೆಯಾದಿರಿ. ಬದುಕು ಒಂದೇ ಗೇರಿನಲ್ಲಿ ಓಡುವುದಿಲ್ಲ. ಆ ಮನುಷ್ಯ ಒಳ್ಳೆಯವರಾದರೆ ನನ್ನ ಅಡ್ಡಿಯಿಲ್ಲ. ನಿಮ್ಮ ಅಡ್ಡಿ ಯಾರು ಕೇಳಿದರು ಎನ್ನುತ್ತೀಯೋ, ಅದೂ ಸರಿಯೇ. ಅವರ ವಯಸ್ಸೆಷ್ಟು? ಕುಡಿಯುತ್ತಾರೆಯೇ? ಗಾಡಿ ಹೇಗೆ ಓಡಿಸುತ್ತಾರೆ? ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಜೀವಮಾನವಿಡೀ ಕಲಿಯುವವರ ಪಕ್ಕ ಕೂತವನು ನಾನು. ಮೂರನೆಯದನ್ನು ಹೇಳಿದರೆ ಮೊದಲೆರಡನ್ನು ನಾನೇ ಹೇಳಿಬಿಡುತ್ತೇನೆ.

ಬಿದ್ದೆ ಎಂದಿದ್ದೀಯಲ್ಲ, ಅದೇನು ಕ್ಲಾಸು? ಕುಣಿಯುವುದೇ?

ನಿನ್ನ ಮಾವ

ಅಕ್ಟೋಬರ್ 19

ಮಾವನವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ನಕ್ಕ ರಭಸಕ್ಕೆ ಬಿಸಿ ಮೇಣ ಕೈಮೇಲೆ ಚೆಲ್ಲಿಕೊಂಡೆ. ಪಕ್ಕದ ಮೇಜಿನವಳು ನನಗೆ ಏನೋ ಆಯಿತೆಂದು ನೀರು ತಂದಳು.

ಸಾಮಿಲ್ ಯಜಮಾನರಿಗೆ ಎಪ್ಪತ್ತು ದಾಟಿದೆ. ಹೆಂಡತಿ ಗಟ್ಟಿಮುಟ್ಟಾಗಿದ್ದಾರೆ, ದಿನಾ ಅವರಿಗೆ ಬೈಯುತ್ತಾರೆ. ಗಾಡಿಯನ್ನು ಬಹಳ ಕೆಟ್ಟದಾಗಿ ಓಡಿಸುತ್ತಾರೆ, ನೀವಾಗಿದ್ದರೆ ಲೈಸೆನ್ಸಿಗೇ ಕಳಿಸುತ್ತಿರಲಿಲ್ಲ. ವಿಮಾನವನ್ನು ಮಾತ್ರ ಚೆನ್ನಾಗಿ ಓಡಿಸುತ್ತಾರೆ.

ಹೌದು, ವಿಮಾನ. ಹೇಳಬೇಕೆಂದೇ ಇದ್ದೆ, ಹೇಗೆಂದು ತಿಳಿಯಲಿಲ್ಲ. ನಾನು ಕಲಿಯುತ್ತಿರುವುದು ವಿಮಾನದಿಂದ ಹಾರುವುದನ್ನು. ಪ್ಯಾರಾಶೂಟ್ ಕಟ್ಟಿಕೊಂಡು.

ಇಲ್ಲಿಗೆ ಬಂದ ಹೊಸದರಲ್ಲಿ ಭಾನುವಾರ ರೂಮಿನಲ್ಲಿ ಇರಲಾಗದೆ ಸುಮ್ಮನೆ ನಡೆಯುತ್ತಿದ್ದೆ. ಒಂದು ದಿನ ಆ ಬಯಲಿನ ಹತ್ತಿರ ನಿಂತಿದ್ದಾಗ ನನ್ನ ವಯಸ್ಸಿನ ಹೆಂಗಸೊಬ್ಬಳು ಆಕಾಶದಿಂದ ಇಳಿದಳು. ಬಟ್ಟೆಯನ್ನೆಲ್ಲ ಬಾಚಿ ತಬ್ಬಿಕೊಂಡು ಸೀದಾ ನನ್ನ ಹತ್ತಿರ ಬಂದು, "ನಿಮ್ಮ ಹತ್ರ ಒಂದು ಸೇಫ್ಟಿ ಪಿನ್ ಇದ್ಯಾ?" ಅಂದಳು. ಕೊಟ್ಟೆ. ಮುಂದಿನ ವಾರ ಹೋಗಿ ಹೆಸರು ಕೊಟ್ಟೆ. ಇದಕ್ಕಿಂತ ದೊಡ್ಡ ಕಾರಣ ನನಗೂ ಗೊತ್ತಿಲ್ಲ.

ಮೊದಮೊದಲು ಗುರುವಿನ ಎದೆಗೆ ಕಟ್ಟಿಸಿಕೊಂಡು ಹಾರಿದೆ. ಬೇಸಿಗೆಯಿಂದ ಒಬ್ಬಳೇ. ಚಳಿಗಾಲದಲ್ಲಿ ಕ್ಲಬ್ಬಿನ ದೊಡ್ಡ ವಿಮಾನ ಮೇಲೇಳುವುದಿಲ್ಲ, ಅದನ್ನು ತುಂಬಿಸುವಷ್ಟು ಜನ ಬರುವುದಿಲ್ಲ. ಅದಕ್ಕೇ ಸಾಮಿಲ್ ಯಜಮಾನರು ತಮ್ಮ ಪುಟ್ಟ ವಿಮಾನದಲ್ಲಿ ಕರೆದೊಯ್ಯುತ್ತೇನೆ ಎಂದಿದ್ದಾರೆ. ಅದು ನಾಲ್ಕು ಜನ ನೂಕಿದರೆ ಷೆಡ್ಡಿನಿಂದ ಹೊರಗೆ ಬರುತ್ತದೆ. ಬಟ್ಟೆಯ ರೆಕ್ಕೆ, ಬಾಗಿಲೇ ಇಲ್ಲ. ಎರಡೇ ಸೀಟು, ಒಂದು ಓಡಿಸುವವರಿಗೆ, ಇನ್ನೊಂದು ಇಳಿದುಹೋಗುವವರಿಗೆ.

ನಿಮಗೆ ಭಯವಾಗುತ್ತದೆ ಎಂದು ಗೊತ್ತು. ಆದರೂ ನಿಮಗಲ್ಲದೆ ಇದನ್ನು ಹೇಳಿಕೊಳ್ಳಲು ನನಗೆ ಬೇರೆ ಯಾರಿದ್ದಾರೆ?

ನಿಮ್ಮ ಸೊಸೆ

ನವೆಂಬರ್ 20

ಸೊಸೆಗೆ ಆಶೀರ್ವಾದ.

ಒಂದು ತಿಂಗಳು ಬರೆಯಲಿಲ್ಲ. ಬರೆದೆ, ಹರಿದೆ. ಟೈರಿನವನು, "ಸಾರ್, ನಮ್ಮ ಬಿಲ್ ಪುಸ್ತಕ ಮುಗೀತಾ ಬಂತು" ಅಂದ ಮೇಲೆ ಇದನ್ನು ಹರಿಯದೆ ಕಳಿಸುತ್ತಿದ್ದೇನೆ.

ನಮ್ಮ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಹಾರಿಕೊಂಡಳು ಅಂದರೆ ಅದಕ್ಕೆ ಒಂದೇ ಅರ್ಥ. ಕೇಳಿದವರು ಮುಂದಿನ ಮಾತಾಡದೆ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದರು. ನಾನು ಹಳೇ ಮನುಷ್ಯ, ನನ್ನ ತಲೆ ಅಲ್ಲಿಗೇ ಹೋಗುತ್ತದೆ. ಅದಕ್ಕೇ ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳು. ನಮ್ಮ ಮನೆಯಿಂದ ಹೊತ್ತುಕೊಂಡು ಹೋದ ನೋವು ನಿನ್ನನ್ನು ಅಲ್ಲಿಗೆ ಹತ್ತಿಸುತ್ತಿದೆಯೇ?

ಹಾಗಿದ್ದರೆ ಸುಮ್ಮನೆ ರೈಲು ಹತ್ತಿ ಬಾ. ನಿನ್ನ ಅತ್ತೆ ಬಾಗಿಲು ತೆಗೆಯದಿದ್ದರೆ ನಾನು ತೆಗೆಯುತ್ತೇನೆ.

ನಿನ್ನ ಮಾವ

ನವೆಂಬರ್ 27

ಮಾವನವರಿಗೆ ನಮಸ್ಕಾರ.

ಹಾರಿಕೊಳ್ಳುವುದಲ್ಲ ಮಾವ, ಹಾರುವುದು. ಜಿಗಿಯುವುದಕ್ಕೂ ಹಕ್ಕಿ ಹೋಗುವುದಕ್ಕೂ ನಮ್ಮಲ್ಲಿ ಒಂದೇ ಮಾತಿದೆಯಲ್ಲ, ಅದರಲ್ಲಿ ನಾನು ಹಕ್ಕಿಯ ಕಡೆಯವಳು. ಹಾರಿಕೊಳ್ಳುವವರು ಒಂದು ಪ್ಯಾರಾಶೂಟ್ ಬಿಚ್ಚದಿದ್ದರೆ ಇರಲಿ ಎಂದು ಎರಡನೆಯದನ್ನೂ ಕಟ್ಟಿಕೊಂಡು ಹೋಗುತ್ತಾರೆಯೇ?

ನೋವು ಇತ್ತು. ಇಲ್ಲವೆಂದರೆ ನೀವು ನಂಬುವುದಿಲ್ಲ. ಆದರೆ ಅದನ್ನು ಮೇಲಕ್ಕೆ ಹೊತ್ತೊಯ್ಯಲು ಆಗುವುದಿಲ್ಲ. ವಿಮಾನ ಚಿಕ್ಕದು, ಸಾಮಿಲ್ ಯಜಮಾನರು ನನ್ನ ಬೂಟುಗಳನ್ನೂ ತಕ್ಕಡಿಗೆ ಹಾಕುತ್ತಾರೆ.

ಡಿಸೆಂಬರ್ 14, ಭಾನುವಾರ ಎಂದು ನಿಗದಿಯಾಗಿದೆ. ಮಂಜು ಕರಗಿದ ಮೇಲೆ, ಹತ್ತು ಗಂಟೆಯ ಸುಮಾರಿಗೆ. ನೀವು ಬರಬೇಡಿ. ಚಳಿ ವಿಪರೀತ. ರೈಲು ಬೆಳಗಾಗುವ ಮುಂಚೆಯೇ ಇಳಿಸಿಬಿಡುತ್ತದೆ. ಸ್ಟೇಷನ್ನಿನಿಂದ ಬಯಲಿಗೆ ಬಸ್ಸಿಲ್ಲ, ಕಾಲುವೆ ಪಕ್ಕದ ದಾರಿ ಹಿಡಿದು ನಡೆಯಬೇಕು, ಕಬ್ಬಿಣದ ಸೇತುವೆ ದಾಟಿ ಎಡಕ್ಕೆ ತಿರುಗಿದರೆ ಸಾಮಿಲ್ಲು, ಅದರ ಹಿಂದೆಯೇ ಬಯಲು. ಈ ಚಳಿಯಲ್ಲಿ ಅದೆಲ್ಲ ನಿಮ್ಮಿಂದ ಆಗುವ ಕೆಲಸವಲ್ಲ.

ನಿಮ್ಮ ಸೊಸೆ

ಡಿಸೆಂಬರ್ 15

ಮಾವನವರಿಗೆ ನಮಸ್ಕಾರ.

ಹಾರಿದೆ. ಇಳಿದೆ. ಕೈಕಾಲು ಎಲ್ಲ ಲೆಕ್ಕಕ್ಕೆ ಸರಿಯಾಗಿವೆ.

ಬೆಳಿಗ್ಗೆ ಹುಲ್ಲೆಲ್ಲ ಬೆಳ್ಳಗಿತ್ತು, ಕಾಲಿಟ್ಟರೆ ಗಾಜಿನ ಹಾಗೆ ಮುರಿಯುತ್ತಿತ್ತು. ವಿಮಾನದ ರೆಕ್ಕೆಯ ಮೇಲೆ ಕೂತ ಮಂಜನ್ನು ಸಾಮಿಲ್ ಯಜಮಾನರು ಹಳೇ ಬನಿಯನ್ನಿನಿಂದ ಒರೆಸುತ್ತಿದ್ದರು. "ಭಯ ಆಗ್ತಿದ್ಯೇನಮ್ಮಾ?" ಅಂದರು. "ಸ್ವಲ್ಪ" ಅಂದೆ. "ಒಳ್ಳೇದಾಯ್ತು. ಭಯ ಇಲ್ದೋರನ್ನ ನಾನು ಹತ್ತಿಸ್ಕೊಳ್ಳಲ್ಲ" ಅಂದರು.

ದೊಡ್ಡ ವಿಮಾನ ಎತ್ತಿ ಒಗೆದ ಹಾಗೆ ಮೇಲೇರುತ್ತದೆ. ಇದು ಮುದುಕಿ ಮಹಡಿ ಹತ್ತಿದ ಹಾಗೆ, ಒಂದೊಂದೇ ಮೆಟ್ಟಿಲು. ಬಾಗಿಲಿಲ್ಲದ್ದರಿಂದ ಗಾಳಿ ನೇರವಾಗಿ ಮೊಣಕಾಲಿಗೆ ಬಡಿಯುತ್ತಿತ್ತು. ಕಾಲುವೆ ಕಂಡಿತು, ಸಾಮಿಲ್ಲಿನ ಹಳದಿ ಹೊಟ್ಟಿನ ಗುಡ್ಡೆ ಕಂಡಿತು, ನಮ್ಮ ಲ್ಯಾಬಿನ ಕಟ್ಟಡ ಕಂಡಿತು. ಅದರೊಳಗೆ ನನ್ನ ಮೇಜಿನ ಮೇಲೆ ಯಾರದೋ ಮೇಲ್ದವಡೆ ಸೋಮವಾರಕ್ಕೆ ಕಾಯುತ್ತಿದೆ ಎಂದು ನೆನಪಾಗಿ ನಗು ಬಂತು.

ಸಾಕಷ್ಟು ಎತ್ತರವಾದ ಮೇಲೆ ಅವರು ಇಂಜಿನ್ ಸದ್ದು ತಗ್ಗಿಸಿ ತಲೆಯಾಡಿಸಿದರು. ಬೆಲ್ಟ್ ಬಿಚ್ಚಿದೆ. ಕಾಲು ಹೊರಗಿಟ್ಟು ಚಕ್ರದ ಮೇಲಿನ ಪಟ್ಟಿಯ ಮೇಲೆ ನಿಂತೆ, ರೆಕ್ಕೆಯ ಕೊಳವೆ ಹಿಡಿದುಕೊಂಡೆ. ದೊಡ್ಡ ವಿಮಾನದಲ್ಲಿ ಹಿಂದಿನವರು ನೂಕುತ್ತಿರುತ್ತಾರೆ, ಮುಂದಿನವರು ಹೋಗಿಬಿಟ್ಟಿರುತ್ತಾರೆ, ಯೋಚನೆಗೆ ಪುರಸೊತ್ತಿಲ್ಲ. ಇಲ್ಲಿ ಯಾರೂ ಇಲ್ಲ. ನಾನಾಗಿ ಕೈ ಬಿಡಬೇಕು. ಬಿಟ್ಟೆ.

ಬೀಳುವಾಗ ನೋಡಿದೆ, ನನ್ನ ಭಾರ ಕಳೆದದ್ದೇ ಆ ಪುಟ್ಟ ವಿಮಾನ ತಟ್ಟನೆ ಮೇಲಕ್ಕೆ ಚಿಮ್ಮಿತು. ಆಮೇಲೆ ಪ್ಯಾರಾಶೂಟ್ ಬಿಚ್ಚಿಕೊಂಡಿತು, ಸದ್ದೆಲ್ಲ ನಿಂತಿತು. ಅಷ್ಟು ಮೇಲೆ ಎಲ್ಲಿಯದೋ ನಾಯಿ ಬೊಗಳಿದ್ದೂ ಕೇಳಿಸಿತು. ನಿಧಾನವಾಗಿ ಬಂದೆ. ಕೊನೆಯಲ್ಲಿ ಕಾಲು ಜಾರಿ ಕುಂಡಿಯೂರಿ ಕೂತೆ. ಅದೊಂದನ್ನು ಮರೆತುಬಿಡಿ.

ಬೇಲಿಯಾಚೆ ಒಬ್ಬರು ನಿಂತು ನೋಡುತ್ತಿದ್ದರು. ಮರ ಕೊಳ್ಳಲು ಬಂದ ಗಿರಾಕಿ ಇರಬೇಕು.

ನಿಮ್ಮ ಸೊಸೆ

ಡಿಸೆಂಬರ್ 29

ಸೊಸೆಗೆ ಆಶೀರ್ವಾದ.

ಕ್ಷೇಮವಾಗಿ ಇಳಿದೆ ಎಂದು ಓದಿ ನೆಮ್ಮದಿಯಾಯಿತು. ತಡವಾಗಿ ಬರೆಯುತ್ತಿದ್ದೇನೆ, ಮಾರ್ಕೆಟ್ಟಿಗೆ ಹೋಗಿ ತಂಡಿ ಹಿಡಿಸಿಕೊಂಡು ಹತ್ತು ದಿನ ಮಲಗಿದ್ದೆ. ನಿನ್ನ ಅತ್ತೆಯ ಕಷಾಯ, ಬೈಗುಳ ಎರಡೂ ಹೊತ್ತುಹೊತ್ತಿಗೆ ಸಿಕ್ಕವು.

ಇಲ್ಲಿ ವಿಶೇಷವೇನೂ ಇಲ್ಲ. ಎಲ್ಲರೂ ಅವರವರ ಪಾಡಿಗೆ ಇದ್ದಾರೆ.

ಇನ್ನೊಂದು ಸಲ ಹೋಗುವಾಗ ಆ ಹಳದಿ ಅಂಗಿಯೊಳಗೆ ದಪ್ಪನೆಯ ಸ್ವೆಟರ್ ಹಾಕಿಕೋ.

ನಿನ್ನ ಮಾವ

ಜನವರಿ 6

ನಮಸ್ಕಾರ.

ಅಂಗಿ ಹಳದಿ ಎಂದು ನಾನು ಬರೆದಿರಲಿಲ್ಲ.

ನನಗೆ ಆವತ್ತೇ ಗೊತ್ತಾಗಿತ್ತು. ಇಳಿಯುತ್ತಾ ಬೇಲಿಯ ಹತ್ತಿರಕ್ಕೆ ಬಂದಾಗ ಟೋಪಿ, ಮಫ್ಲರಿನ ನಡುವೆ ನಿಮ್ಮ ಮುಖ ಕಾಣಲಿಲ್ಲ. ಆದರೆ ಆ ಮನುಷ್ಯ ಬಲಗಾಲು ಮುಂದಿಟ್ಟು ನೆಲವನ್ನು ಒತ್ತಿ ಒತ್ತಿ ತುಳಿಯುತ್ತಿದ್ದರು. ನನಗೆ ಕಾರು ಕಲಿಸುವಾಗಲೂ ಹೀಗೇ, ನಾನು ಬ್ರೇಕ್ ಹಾಕುವ ಮೊದಲು ನೀವು ಹಾಕುತ್ತಿದ್ದಿರಿ. ಬಟ್ಟೆ ಬಾಚಿಕೊಂಡು ತಿರುಗಿ ನೋಡುವಷ್ಟರಲ್ಲಿ ಬೇಲಿಯ ಹತ್ತಿರ ಯಾರೂ ಇರಲಿಲ್ಲ. ನೀವೇ ಹೇಳಲಿ ಎಂದು ಗಿರಾಕಿಯ ಮಾತು ಬರೆದೆ. ನೀವು ಮಾರ್ಕೆಟ್ಟಿನ ಮಾತು ಬರೆದಿರಿ.

ನೀವು ನನ್ನಿಂದ ಮುಚ್ಚಿಡುತ್ತಿರುವುದೂ ನನಗೆ ಗೊತ್ತು. ನಿಮ್ಮ ಮಗ ಡಿಸೆಂಬರಿನಲ್ಲಿ ಫೋನು ಮಾಡಿದ್ದ. ಬೇರೆ ಮದುವೆಯಾಗುತ್ತಿದ್ದಾನೆ, ಅವಳು ಅವನ ಆಫೀಸಿನವಳೇ, ನಗಿಸುತ್ತಾಳಂತೆ. ಚೆನ್ನಾಗಿ ಮಾತಾಡಿದ. ನಾನೂ ಚೆನ್ನಾಗಿ ಮಾತಾಡಿದೆ. ವಿಚ್ಛೇದನವಾಯಿತೆಂದು ಕೋರ್ಟಿನ ಕಾಗದ ಬಂದದ್ದೂ ಅದೇ ವಾರ. ನಾನು ಹಾರಿದ ದಿನ ಅದು ನನ್ನ ರೂಮಿನಲ್ಲೇ ಇತ್ತು, ನಿಮಗೆ ಬರೆಯಲಿಲ್ಲ.

ಬೇಲಿಯವರೆಗೆ ಬಂದು ಮಾತಾಡಿಸದೆ ಹೋದಿರಿ. ಮನೆಗೆ ಹೊಸ ಸೊಸೆ ಬರುತ್ತಿರುವಾಗ ಹಳಬಳ ಜೊತೆ ಮಾತೇನು ಎಂದುಕೊಂಡಿರಬಹುದು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಈಗ ನಿಮ್ಮನ್ನು ಏನೆಂದು ಕರೆಯಬೇಕೋ, ಈ ಕಾಗದದ ಕೊನೆಯಲ್ಲಿ ಏನೆಂದು ಬರೆಯಬೇಕೋ ನನಗೆ ಹೊಳೆಯುತ್ತಿಲ್ಲ. ಜಾಗ ಖಾಲಿ ಬಿಡುತ್ತಿದ್ದೇನೆ.

ಜನವರಿ 18

ಸೊಸೆಗೆ,

ಆ ಪದವನ್ನು ಬೇಕೆಂದೇ ಬರೆದಿದ್ದೇನೆ. ಮೊದಲು ನನ್ನ ಮಾತು ಕೇಳು.

ನಾನು ಬಂದದ್ದು ಆ ಮದುವೆಯ ಸುದ್ದಿ ಹೇಳಲು. ನಿನಗೆ ಬೇರೆ ಯಾರಿಂದಲೋ ತಿಳಿಯಬಾರದು, ನಾನೇ ಎದುರು ಕೂತು ಹೇಳಬೇಕು ಅಂತ. ಮನೆಯಲ್ಲಿ ಸ್ನೇಹಿತನ ಕಣ್ಣಿನ ಆಪರೇಷನ್ ಎಂದು ಸುಳ್ಳು ಹೇಳಿ ರೈಲು ಹತ್ತಿದೆ. ನೀನು ಬರಬೇಡಿ ಎನ್ನುತ್ತಾ ದಾರಿಯನ್ನೆಲ್ಲ ಬರೆದಿದ್ದೆಯಲ್ಲ, ಅದನ್ನೇ ಹಿಡಿದುಕೊಂಡು ನಡೆದೆ.

ವಿಮಾನ ಸೊಳ್ಳೆಯಷ್ಟಾಯಿತು. ಅದರಿಂದ ಏನೋ ಕಳಚಿ ಬಿತ್ತು. ಅದು ನೀನು ಎಂದು ನನ್ನ ಮನಸ್ಸು ಒಪ್ಪಲಿಲ್ಲ. ಕಾಲು ನೆಲ ತುಳಿದದ್ದೂ ನೀನು ಬರೆದ ಮೇಲೇ ಗೊತ್ತಾದದ್ದು. ನೀನು ಇಳಿದು, ಜಾರಿ ಕೂತು, ಅಲ್ಲೇ ಹಿಂದಕ್ಕೆ ಒರಗಿ ಆಕಾಶ ನೋಡಿಕೊಂಡು ನಕ್ಕೆ. ನಮ್ಮ ಮನೆಯಲ್ಲಿದ್ದ ಅಷ್ಟು ವರ್ಷದಲ್ಲಿ ಆ ನಗು ನಾನು ಕೇಳಿರಲಿಲ್ಲ. ಅದರ ಮುಂದೆ ಜೇಬಿನಿಂದ ಆ ಸುದ್ದಿ ತೆಗೆದಿಡಲು ನನಗೆ ಮನಸ್ಸು ಬರಲಿಲ್ಲ. ಬಂದ ದಾರಿಯಲ್ಲೇ ಹೊರಟುಹೋದೆ. ನಾಚಿಕೆಯಿಂದಲ್ಲ, ಇದು ಸತ್ಯ.

ಈಗ ಇನ್ನೊಂದು. ನಿನ್ನ ಕಾಗದದ ಕೊನೆಯ ಖಾಲಿ ಜಾಗ ನೋಡಿ ನನಗೆ ಒಬ್ಬನೇ ಇರಲಾಗಲಿಲ್ಲ. ಮನೆಗೆ ತಂದು ನಿನ್ನ ಅತ್ತೆಯ ಮುಂದೆ ಇಟ್ಟೆ. ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

"ಉಳಿದ ಕಾಗದ ಎಲ್ಲಿ?" ಅಂದಳು.

"ಯಾವ ಕಾಗದ?"

"ಕಾರು ಮಾರಿ ಎಷ್ಟು ಕಾಲ ಆಯ್ತು? ವಾರಕ್ಕೆರಡು ಸಲ ಟೈರ್ ಅಂಗಡಿಗೆ ಹೋಗಿ ಗಾಳಿ ತುಂಬಿಸ್ಕೊಂಡು ಬರ್ತಿದ್ರಾ? ನಾನೇನು ಕಣ್ಣು ಮುಚ್ಕೊಂಡು ಸಂಸಾರ ಮಾಡ್ತಿದ್ದೀನಾ?"

ಎಲ್ಲವನ್ನೂ ತಂದುಕೊಟ್ಟೆ. ಓದಿದಳು. ವಿಮಾನದ ಕಾಗದ ಓದುವಾಗ ಎದ್ದು ಹೋಗಿ ನೀರು ಕುಡಿದು ಬಂದಳು. ಆಮೇಲೆ ಅಂದಳು, "ಏನಂತ ಕರೀಲಿ ಅಂತಾಳಲ್ಲ, ಅಷ್ಟೂ ಗೊತ್ತಾಗಲ್ವಾ? ಅಮ್ಮನ ಅಣ್ಣನೂ ಮಾವನೇ. ಅಣ್ಣನ ಮಗಳೂ ಸೊಸೇನೇ. ಅದಕ್ಕೆಲ್ಲ ಯಾವ ಕೋರ್ಟು ಸಹಿ ಹಾಕಿತ್ತು? ಮಗನ ಕಡೆಯಿಂದ ಆಗ್ದಿದ್ರೆ ಇನ್ನೊಂದು ಕಡೆಯಿಂದ ಆಗ್ಲಿ." ಕಾಗದಗಳನ್ನೆಲ್ಲ ಜೋಡಿಸುತ್ತಾ, "ಒಂದು ಮಾತು ಹೇಳ್ದೆ ಹೋದ್ಲು. ಅದು ಬೇರೆ ವಿಷ್ಯ. ಅದನ್ನ ನಾನೇ ಕೇಳ್ಕೋತೀನಿ" ಅಂದಳು.

ಕೇಳಲು ಬರುತ್ತಾಳಂತೆ. ಯಾವಾಗ ಬರೋಣ, ಬರೆ.

ನಿನ್ನ ಮಾವ

ಜನವರಿ 27

ಮಾವ,

ಫೆಬ್ರವರಿ 8, ಭಾನುವಾರ. ಸ್ಟೇಷನ್ನಿಗೆ ನಾನೇ ಬರುತ್ತೇನೆ. ಗಾಡಿ ಸಾಮಿಲ್ ಯಜಮಾನರದ್ದು, ಓಡಿಸುವವಳು ನಾನು, ಅತ್ತೆಗೆ ಇದನ್ನು ಮೊದಲೇ ಹೇಳಿ. ಆವತ್ತು ನಾನು ಹಾರುವುದಿಲ್ಲ. ನಿಮ್ಮನ್ನು ಮೇಲೆ ಒಂದು ಸುತ್ತು ಕರೆದೊಯ್ಯುತ್ತಾರಂತೆ, ಬೂಟಿನ ಸಮೇತ ತೂಕ ಕೇಳಿದ್ದಾರೆ.

ಮನೆ ಬಿಟ್ಟ ದಿನ ಅತ್ತೆಗೆ ಹೇಳಲೆಂದು ಅಡುಗೆಮನೆಯ ಬಾಗಿಲವರೆಗೆ ಹೋಗಿದ್ದೆ. ಅವರು ಬೆನ್ನು ಮಾಡಿಕೊಂಡು ಪಾತ್ರೆ ಉಜ್ಜುತ್ತಿದ್ದರು. ಮುಖ ನೋಡಿದ್ದರೆ ನಾನು ಹೊರಡುತ್ತಿರಲಿಲ್ಲ. ಇದನ್ನು ಅವರಿಗೆ ಓದಿ ಹೇಳಬೇಡಿ. ನಾನೇ ಹೇಳಬೇಕು.

ನಿಮ್ಮ ಸೊಸೆ

ಫೆಬ್ರವರಿ 12

ಸೊಸೆಗೆ ಆಶೀರ್ವಾದ.

ಸುಖವಾಗಿ ಮನೆ ಸೇರಿದೆವು. ಇದನ್ನು ಮನೆಯ ಊಟದ ಮೇಜಿನ ಮುಂದೆ ಕೂತೇ ಬರೆಯುತ್ತಿದ್ದೇನೆ. ಟೈರಿನವನಿಗೆ ಸ್ವಲ್ಪ ಬೇಜಾರಾಗಿದೆ.

ಇಳಿದ ಮೇಲೆ ನಿನಗೆ ಸರಿಯಾಗಿ ಏನೂ ಹೇಳಲಾಗಲಿಲ್ಲ, ನನ್ನ ಎರಡೂ ಕಿವಿಗಳಲ್ಲಿ ಇಂಜಿನ್ನೇ ಕೂತಿತ್ತು. ಸಾಮಿಲ್ ಯಜಮಾನರ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಬಿಗಿದುಕೊಂಡಾಗ, ಇದೇ ಸೀಟಿನಿಂದ ಅಲ್ಲವೇ ನೀನು ಎದ್ದು ಹೋಗುವುದು ಎಂದು ಅನ್ನಿಸಿತು. ಬಗ್ಗಿ ಚಕ್ರದ ಮೇಲಿನ ಆ ಪಟ್ಟಿಯನ್ನು ನೋಡಿದೆ. ನನ್ನ ಅಂಗೈಯಷ್ಟು ಅಗಲ. ಇನ್ನೊಮ್ಮೆ ನೋಡಲಿಲ್ಲ.

ಮೇಲೆ ಹೋದ ಮೇಲೆ ಭಯ ಹೋಯಿತು. ಊರೆಲ್ಲ ಒಪ್ಪವಾಗಿ ಗುಡಿಸಿಟ್ಟ ಹಾಗಿತ್ತು. ನಾನು ಹುಡುಕಿದ್ದು ನಿಮ್ಮಿಬ್ಬರನ್ನು. ಷೆಡ್ಡಿನ ಮುಂದೆ ನಿಂತಿದ್ದಿರಿ, ಅವಳೊಂದು ಕಡೆ, ನೀನೊಂದು ಕಡೆ, ನಡುವೆ ಒಂದು ಕಾರು ನಿಲ್ಲಿಸುವಷ್ಟು ಜಾಗ. ಒಂದು ಸುತ್ತು ಹಾಕಿ ಬಂದಾಗ ನಿನ್ನ ಅತ್ತೆಯ ಕೈ ಜೋರಾಗಿ ಆಡುತ್ತಿತ್ತು. ನೀನು ತಲೆ ತಗ್ಗಿಸಿದ್ದೆ. ಅವಳು ಕೇಳಬೇಕೆಂದಿದ್ದನ್ನು ಕೇಳುತ್ತಿದ್ದಾಳೆ ಎಂದು ತಿಳಿಯಿತು.

ಸಾಮಿಲ್ ಯಜಮಾನರು ಕೆಳಗೆ ಬೆರಳು ತೋರಿಸಿದರು, ಇಳಿಯೋಣವೇ ಎಂದು. ನಾನು ಅವರ ಕಿವಿಯ ಹತ್ತಿರ ಬಾಯಿಟ್ಟು, "ಇನ್ನೊಂದು ಸುತ್ತು ಹೋಗೋಣ ಯಜಮಾನ್ರೇ" ಎಂದು ಕೂಗಿದೆ. "ಚಳಿ ಆಗಲ್ವಾ?" ಎಂದು ಕೂಗಿದರು. ಹಲ್ಲು ಕಟಕಟ ಎನ್ನುತ್ತಿದ್ದರೂ "ಇಲ್ಲ" ಎಂದೆ. ಅವರೂ ಒಮ್ಮೆ ಕೆಳಗೆ ನೋಡಿದರು. ಏನು ಅರ್ಥವಾಯಿತೋ, ಕಾಲುವೆಯಾಚೆ ಸಾಕಷ್ಟು ದೂರ ಹೋಗಿ ನಿಧಾನವಾಗಿ ತಿರುಗಿಸಿದರು.

ಮೂರನೆಯ ಸಲ ಬಂದಾಗ ಷೆಡ್ಡಿನ ಮುಂದೆ ಇಬ್ಬರು ಕಾಣಲಿಲ್ಲ. ನಿನ್ನ ಅತ್ತೆಯ ಬೂದು ಶಾಲೊಂದು ನಿಂತಿತ್ತು, ಎಂದಿಗಿಂತ ಅಗಲವಾಗಿ. ಹತ್ತಿರ ಬಂದಂತೆ ಅದರ ಕೆಳಗೆ ನಾಲ್ಕು ಕಾಲು ಕಂಡವು.

ವಾಪಸ್ಸು ಬರುವಾಗ ರೈಲಿನಲ್ಲಿ ತಡೆಯಲಾರದೆ, ಅಲ್ಲಿ ಏನು ಮಾತಾಡಿದಿರಿ ಎಂದು ಅವಳನ್ನು ಕೇಳಿದೆ.

ಕಿಟಕಿಯಾಚೆ ನೋಡುತ್ತಲೇ, "ಚಳಿ ಇತ್ತು" ಅಂದಳು.

ನಿನ್ನ ಮಾವ